ಪರದೆ ನೋಡ್ಕೊಂಡು ಕೂಗೋದ್ರಲ್ಲಿ ಏನಪ್ಪಾ ಮಜಾ?

ಇಸಾರ್ ದಂಡೆ
ನಿನ್ನೆ ಮಧ್ಯರಾತ್ರಿ ಒಂದು ಸಿನಿಮಾ ನೋಡಿ ಬಂದೆ. ಬೆಳಗ್ಗೆ ತಲೆ ಬಾಚಿದ್ರೆ ಇನ್ನೂ ಅಕ್ಕಿಕಾಳು ಉದುರ್ತಾ ಇದೆ. ಅದಕ್ಕೇ ಈ ಪೋಸ್ಟು.

ನಾನಿರೋದು ಮ್ಯೂನಿಕ್‌ನಲ್ಲಿ. ಇಲ್ಲಿ ನದಿ ಪಕ್ಕ ಮ್ಯೂಸಿಯಂ ಲಿಷ್ಟ್‌ಷ್ಪೀಲೆ ಅಂತ ಒಂದು ಪುಟ್ಟ ಥಿಯೇಟರ್ ಇದೆ. ಅಲ್ಲಿ ‘ದಿ ರಾಕಿ ಹಾರರ್ ಪಿಕ್ಚರ್ ಶೋ’ ಅನ್ನೋ ಹಾಡು ಕುಣಿತದ ಇಂಗ್ಲಿಷ್ ಸಿನಿಮಾ 1977ರಿಂದ ಓಡ್ತಾನೇ ಇದೆ. ಸರಿಯಾಗೇ ಓದಿದ್ರಿ, 1977. ನಮ್ಮಮ್ಮನ ಮದುವೆಗಿಂತ ಮುಂಚಿಂದ. ಆಫೀಸಿನ ಗೆಳತಿಯೊಬ್ಬಳು ‘ನಿನ್ನ ಪಾಡಿಗೆ ನೀನು ಬಾ, ಸಾಮಾನೆಲ್ಲ ನಾನು ತರ್ತೀನಿ’ ಅಂದ್ಲು. ಸಿನಿಮಾಗೆ ಎಂಥ ಸಾಮಾನು ಅಂತ ಅರ್ಥ ಆಗ್ಲಿಲ್ಲ. ಸೀಟಲ್ಲಿ ಕೂತ್ಮೇಲೆ ಚೀಲ ತೆಗೆದ್ಲು: ಅಕ್ಕಿ, ಹಳೇ ನ್ಯೂಸ್‌ಪೇಪರು, ನೀರಿನ ಪಿಸ್ತೂಲು, ಟಾಯ್ಲೆಟ್ ಪೇಪರಿನ ಸುರುಳಿ, ಇಸ್ಪೀಟೆಲೆ, ರಬ್ಬರ್ ಗ್ಲೌಸು.

ಶುರುವಿನಲ್ಲೇ ಒಂದು ಮದುವೆ ಸೀನು. ಪರದೆ ಮೇಲೆ ಹೆಣ್ಣು ಗಂಡು ಚರ್ಚಿಂದ ಆಚೆ ಬಂದ ತಕ್ಷಣ ಇಡೀ ಹಾಲ್ ಅಕ್ಕಿ ಎರಚಿತು. ನಾನು ಮೂರು ಬೆರಳಲ್ಲಿ ಹಿಡ್ಕೊಂಡು ಅಕ್ಷತೆ ಹಾಕೋ ಥರ ಮೆಲ್ಲಗೆ ಹಾಕಿದೆ. ಗೆಳತಿ ‘ಇದೇನು, ಉಪ್ಪು ಉದುರಿಸ್ತಿದ್ದೀಯಾ’ ಅಂದ್ಲು. ಆಮೇಲೆ ಮಳೆ ಸೀನು. ನಾಯಕಿ ಜಾನೆಟ್ ತಲೆ ಮೇಲೆ ಪೇಪರ್ ಹಿಡ್ಕೊಂಡು ನಡೀತಾಳೆ, ಹಿಂದಿನ ಸಾಲಿನವ್ರು ನಮ್ಮ ಮೇಲೆ ಪಿಸ್ತೂಲಿಂದ ಮಳೆ ಸುರಿಸ್ತಾರೆ, ನಾವೂ ತಲೆಗೆ ಪೇಪರ್ ಹಿಡೀಬೇಕು. ‘ಟೈಮ್ ವಾರ್ಪ್’ ಹಾಡು ಬಂದಾಗ ಎಲ್ಲರೂ ಎದ್ದು ಕುಣಿದ್ರು. ನಾನೂ.

ನಾನು ಮೈಸೂರಿನ ಹುಡುಗಿ. ಅಪ್ಪ ಬಾಲ್ಕನಿ ಬಿಟ್ಟು ಬೇರೆ ಟಿಕೆಟ್ ತಗೊಂಡೋರೇ ಅಲ್ಲ. ಕೆಳಗಿಂದ ಶಿಳ್ಳೆ ಕೇಳಿದ್ರೆ ‘ಪೋಲಿಗಳು’ ಅಂತಿದ್ರು. ಈಗ ಮೂವತ್ನಾಲ್ಕನೇ ವಯಸ್ಸಲ್ಲಿ ಇನ್ನೊಬ್ಬರ ದೇಶದಲ್ಲಿ ಪೋಲಿ ಆಗಿ ಬಂದೆ. ಸಿನಿಮಾ ಅಷ್ಟೇನೂ ಚೆನ್ನಾಗಿಲ್ಲ, ಕಥೆ ನಡುವಲ್ಲೆಲ್ಲೋ ಕೈಕೊಡುತ್ತೆ. ಆದ್ರೂ ಇಷ್ಟು ಖುಷಿ ಯಾಕಾಯ್ತು? ನಮ್ಮಲ್ಲಿ ಶಿಳ್ಳೆ ಹೊಡೆಯೋರಿಗೂ ಆಗೋದು ಇದೇನಾ?

ಗಾಂಧಿಕ್ಲಾಸ್ ಗುರು
ಇದೇ ಮೇಡಂ, ಬೇರೆ ಏನೂ ಅಲ್ಲ. ಅವ್ರು ಮಾಡಿದ್ರೆ ಸಂಸ್ಕೃತಿ, ನಾವು ಮಾಡಿದ್ರೆ ಗಲಾಟೆ. ಟಾಯ್ಲೆಟ್ ಪೇಪರ್ ಎಸೆಯೋನು ಕಲಾಪ್ರೇಮಿ, ಪೇಪರ್ ಚೂರು ಹಾರಿಸೋನು ಪುಂಡ!

ಮೌನ ಪ್ರೇಕ್ಷಕ
ನಂದು ಉಲ್ಟಾ ಅಭಿಪ್ರಾಯ, ಬೈಯೋರು ಬೈರಿ. ಟಿಕೆಟ್ಟಿಗೆ ದುಡ್ಡು ಕೊಡೋದು ಸಿನಿಮಾ ನೋಡೋಕೆ, ಪಕ್ಕದವನ ಗಂಟಲು ಕೇಳೋಕಲ್ಲ. ಹೋದ ವರ್ಷ ಒಂದು ರೀರಿಲೀಸ್‌ಗೆ ಹೋಗಿದ್ದೆ. ಹಾಡು ಶುರುವಾದ್ರೆ ಸಾಕು, ಮುಂದಿನ ನಾಲ್ಕು ಸಾಲು ಎದ್ದು ಮೊಬೈಲ್ ಲೈಟ್ ಹಾಕಿ ನಿಲ್ಲೋದು. ನನಗೆ ಕಂಡಿದ್ದು ಹೀರೋ ಅಲ್ಲ, ಒಬ್ಬನ ಟೀ ಶರ್ಟಿನ ಬೆನ್ನು. ಅದರ ಮೇಲೂ ಹೀರೋನೇ ಇದ್ದ ಅನ್ನೋದು ಬೇರೆ ಮಾತು.

ಹಳೇ ರೀಲು
ಮೌನ ಸರ್, ನಿಮ್ಮ ದೂರು ನ್ಯಾಯವೇ. ಆದ್ರೆ ಮೇಡಂ ಹೇಳ್ತಿರೋದು ಬೇರೆ ಜಾತಿಯ ಗಲಾಟೆ. ಅದು ಹುಟ್ಟಿದ ಬಗೆ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ರಾಕಿ ಹಾರರ್ ಮೊದಲು ನಾಟಕ. 1973ರಲ್ಲಿ ಲಂಡನ್ನಿನ ರಾಯಲ್ ಕೋರ್ಟ್ ಥಿಯೇಟರಿನ ಮಹಡಿ ಮೇಲಿನ ಸಣ್ಣ ರಂಗಮಂದಿರದಲ್ಲಿ ಶುರುವಾಯ್ತು. ಬರೆದವನು ರಿಚರ್ಡ್ ಒ'ಬ್ರಯನ್. 1975ರಲ್ಲಿ ಸಿನಿಮಾ ಬಂತು, ಮಕಾಡೆ ಮಲಗ್ತು. 1976ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್‌ನ ಗ್ರೆನಿಚ್ ವಿಲೇಜ್‌ನ ವೇವರ್ಲಿ ಥಿಯೇಟರ್‌ನಲ್ಲಿ ಮಧ್ಯರಾತ್ರಿ ಆಟಕ್ಕೆ ಹಾಕಿದ್ರು. ವಾರವಾರ ಅದೇ ಮುಖಗಳು ಬರೋಕೆ ಶುರುವಾಯ್ತು. ಒಂದು ದಿನ ಜಾನೆಟ್ ಮಳೇಲಿ ಪೇಪರ್ ತಲೆ ಮೇಲಿಟ್ಟು ನಡೆಯುವಾಗ ಒಬ್ಬ ಮೇಷ್ಟ್ರು ಪರದೆಗೆ ಕೂಗಿ ಹೇಳಿದ್ರಂತೆ, ಒಂದು ಕೊಡೆ ತಗೊಳ್ಳೇ ಜಿಪುಣಿ ಅಂತ. (ಮೂಲದಲ್ಲಿದ್ದ ಬೈಗುಳ ಇದಕ್ಕಿಂತ ಖಾರ.) ಎಲ್ಲ ನಕ್ಕರು. ಮುಂದಿನ ವಾರ ಇನ್ನೊಬ್ಬ ಇನ್ನೊಂದು ಹೇಳಿದ. ಅದೇ ವರ್ಷ ಹ್ಯಾಲೋವೀನ್ ಹೊತ್ತಿಗೆ ಜನ ಪಾತ್ರಗಳ ವೇಷ ಹಾಕ್ಕೊಂಡು ಬಂದ್ರು. ಆಮೇಲಾಮೇಲೆ ಪರದೆ ಮುಂದೇನೇ ನಿಂತು ಸಿನಿಮಾ ಜೊತೆಜೊತೆಗೆ ಅಭಿನಯ ಮಾಡೋ ತಂಡಗಳಾದವು.

ಯಾರೂ ‘ಬನ್ನಿ, ಕೂಗಿ’ ಅಂತ ಕರೆದಿರಲಿಲ್ಲ. ಸಿನಿಮಾದಲ್ಲಿ ಖಾಲಿ ಜಾಗ ಇತ್ತು, ಜನ ಅದರಲ್ಲಿ ಹೋಗಿ ಕೂತರು. ಪಾತ್ರಗಳು ಒಂದು ಮಾತಾಡಿ ಸುಮ್ಮನಾಗ್ತವೆ, ಆಮೇಲೆ ಇನ್ನೊಂದು. ಸಾಮಾನ್ಯವಾಗಿ ನೋಡಿದ್ರೆ ಬೋರು. ಆ ಖಾಲಿಗೆ ಒಂದು ಮಾತು ಸೇರಿಸಿ ನೋಡಿ, ಮುಂದಿನ ಡೈಲಾಗು ನಿಮಗೇ ಉತ್ತರ ಕೊಟ್ಟ ಹಾಗೆ ಕೇಳುತ್ತೆ! ಅರ್ಧ ಶತಮಾನದ ಹಿಂದಿನ ಪರದೆ ನಿಮ್ಮ ಜೊತೆ ಮಾತಿಗೆ ಇಳಿದಂಗೆ. ಪೂರ್ತಿ ಚೆನ್ನಾಗಿರೋ ಸಿನಿಮಾದಲ್ಲಿ ಇಂಥ ಜಾಗ ಸಿಗೋದು ಕಷ್ಟ.

ಇಸಾರ್ ದಂಡೆ
ಅಯ್ಯೋ ಹೌದು! ಮುಖ್ಯ ಪಾತ್ರ ಮಾಡಿರೋ ಟಿಮ್ ಕರಿ ಒಂದು ಪದ ಅರ್ಧ ಹೇಳಿ ನಿಲ್ಲಿಸ್ತಾನೆ, ‘ಆ್ಯಂಟಿಸಿ…’ ಅಂತ. ಹುಬ್ಬು ಮೇಲೇರಿಸಿಕೊಂಡು ಸುಮ್ಮನೆ ನಿಂತಿರ್ತಾನೆ. ಹಾಲ್‌ನಲ್ಲಿದ್ದವ್ರೆಲ್ಲ ‘ಹೇಳೋ ಮಾರಾಯ!’ ಅನ್ನೋ ಥರ ಕಿರುಚಿದ್ರು. ಆಗ ಅವನು ‘…ಪೇಷನ್’ ಅಂದ. ಕಾಯುವಿಕೆ ಅನ್ನೋ ಪದಕ್ಕೇ ಕಾಯಿಸೋದು. ನಾವು ಕೂಗಿದ್ದಕ್ಕೇ ಅವನು ಹೇಳಿದ ಅಂತ ಒಂದು ಕ್ಷಣ ನಿಜಕ್ಕೂ ಅನ್ನಿಸ್ತು.

ಕಥೆ ವಿವರಿಸೋ ಒಬ್ಬ ಮುದುಕಪ್ಪ ನಡುನಡುವೆ ಬರ್ತಾನೆ. ಅವನು ಬಂದಾಗಲೆಲ್ಲ ‘ಕತ್ತು ಎಲ್ಲೋ, ಕತ್ತು ಎಲ್ಲೋ’ ಅಂತ ಗೋಳು ಹುಯ್ಕೋತಾರಂತೆ ಅಮೆರಿಕದವ್ರು. ನೋಡಿದ್ರೆ ನಿಜಕ್ಕೂ ತಲೆ ಭುಜದ ಮೇಲೇ ಕೂತಿದೆ ಪಾಪ.

ಗಾಂಧಿಕ್ಲಾಸ್ ಗುರು
ರೀಲು ಅಣ್ಣ, ಖಾಲಿ ಜಾಗದ ಮಾತು ಒಪ್ಪಿದೆ. ಆದ್ರೆ ನಮ್ಮ ಸಿನಿಮಾದಲ್ಲೂ ಅದಿದೆ, ಅದೂ ಬೇಕಂತಲೇ ಬಿಟ್ಟಿರ್ತಾರೆ. ಹೀರೋ ಎಂಟ್ರಿ ನೋಡಿ. ಮೊದಲು ಶೂ, ಆಮೇಲೆ ಕೈ ಬಳೆ, ಆಮೇಲೆ ಬೆನ್ನು, ಸ್ಲೋ ಮೋಷನ್ನು. ಅಷ್ಟು ಹೊತ್ತು ಒಂದು ಡೈಲಾಗೂ ಇರಲ್ಲ. ಯಾಕೆ? ಇಟ್ರೂ ಕೇಳ್ಸಲ್ಲ ಅಂತ ಡೈರೆಕ್ಟರ್‌ಗೆ ಗೊತ್ತು. ಅದು ನಮಗೆ ಅಂತಲೇ ಬಿಟ್ಟಿರೋ ಸೈಟು.

‘ಓಂ’ ಬಂದಿದ್ದು 1995ರಲ್ಲಿ. ಆಮೇಲೆ ಎಷ್ಟು ಸಲ ರೀರಿಲೀಸ್ ಆಯ್ತು ಅಂದ್ರೆ ಐನೂರು ದಾಟಿದೆ ಅಂತಾರೆ. ನಾನೇ ಆರು ಸಲ ನೋಡಿದೀನಿ, ಎಲ್ಲ ಕೆ.ಜಿ. ರೋಡ್ ಸುತ್ತಮುತ್ತ. ಎರಡನೇ ಸಲದಿಂದ ಯಾರೂ ಸಿನಿಮಾ ನೋಡ್ತಿರಲಿಲ್ಲ ಗುರು, ಶಿವಣ್ಣನಿಗಿಂತ ಅರ್ಧ ಸೆಕೆಂಡ್ ಮುಂಚೆ ಡೈಲಾಗ್ ಹೇಳೋದೇ ಆಟ. ಮುಂಚೆ ಹೇಳಿದ್ರೆ ಮರ್ಯಾದೆ, ತಡವಾಗಿ ಹೇಳಿದ್ರೆ ‘ಹೊಸಬ’ ಅಂತ ನಗೋರು.

ಹಳೇ ರೀಲು
ಅಲ್ಲೂ ಹೊಸಬರಿಗೆ ಒಂದು ಹೆಸರಿದೆ, ‘ವರ್ಜಿನ್’ ಅಂತಾರೆ. ಶೋ ಶುರುವಾಗೋ ಮುಂಚೆ ಮುಂದೆ ಕರೆದು ಏನಾದ್ರೂ ಚೇಷ್ಟೆ ಮಾಡಿಸ್ತಾರೆ.

ಆದ್ರೆ ಒಂದು ವ್ಯತ್ಯಾಸ ಇದೆ ಗುರು. ನೀನು ಶಿವಣ್ಣನ ಡೈಲಾಗ್ ಹೇಳೋದು ಭಜನೆ ಥರ, ದೇವರ ಜೊತೆ ದನಿ ಸೇರಿಸೋದು. ರಾಕಿಯವ್ರು ಮಾಡೋದು ಕೀಟಲೆ. ಹೀರೋ ಬ್ರಾಡ್ ಹೆಸರು ಬಂದಾಗಲೆಲ್ಲ ಬೈತಾರೆ. ಶಿವಣ್ಣನ ಎಂಟ್ರಿಗೆ ನೀನು ಆ ಥರ ಒಂದು ಮಾತು ಅಂದು ನೋಡು, ಇಂಟರ್‌ವಲ್‌ವರೆಗೂ ಉಳಿಯಲ್ಲ.

ಗಾಂಧಿಕ್ಲಾಸ್ ಗುರು
ಇಂಟರ್‌ವಲ್ ಏನು, ಟೈಟಲ್ ಕಾರ್ಡ್ ಮುಗಿಯೋವರೆಗೂ ಉಳಿಯಲ್ಲ 😂

ಆದ್ರೂ ಕೀಟಲೆ ನಮ್ಮಲ್ಲಿ ಇಲ್ಲ ಅನ್ಬೇಡ. 2024ರಲ್ಲಿ ಉಪ್ಪಿಯ ‘ಎ’ ಮತ್ತೆ ಬಂದಾಗ ಹೋಗಿದ್ದೆ. 1998ರಲ್ಲಿ ಅದರ ಪೋಸ್ಟರ್ ಮೇಲೆ ‘ಬುದ್ಧಿವಂತರಿಗೆ ಮಾತ್ರ’ ಅಂತ ಹಾಕಿದ್ರಲ್ಲ. ಲೈಟ್ ಆಫ್ ಆಯ್ತು. ಹಿಂದಿಂದ ಒಂದು ಹುಡುಗನ ದನಿ: ‘ಲೋ, ದಡ್ಡರೆಲ್ಲ ಎದ್ದು ಹೋಗ್ರೋ, ಸೀಟು ಸಾಲ್ದು!’ ತಕ್ಷಣ ಇನ್ನೊಂದು ಮೂಲೆಯಿಂದ: ‘ಹೋದ್ರೆ ನೀನೊಬ್ನೇ ಹೆದರ್ಕೋತೀಯ ಕಣೋ!’ ಇಬ್ಬರೂ ಆ ಸಿನಿಮಾ ಮೊದಲು ಬಂದಾಗ ಹುಟ್ಟಿರಲಿಲ್ಲ, ದನಿ ಕೇಳಿದ್ರೇ ಗೊತ್ತಾಗ್ತಿತ್ತು. ಆ ಎರಡು ಮಾತಿಗೇ ನನ್ನ ಟಿಕೆಟ್ ದುಡ್ಡು ವಾಪಸ್ ಬಂತು.

ಒನ್ಸ್ ಮೋರ್ ಹುಬ್ಬಳ್ಳಿ
ಅಲ್ರೀ, ನೀವೆಲ್ಲ ಇದನ್ನ ಸಿನಿಮಾದ್ದ ಅಂತ ತಿಳ್ಕೊಂಡೀರಿ. ನಮ್ಮ ಕಡೆ ಕಂಪನಿ ನಾಟಕ ನೋಡಿದ್ದೀರೇನು? ಜಾತ್ರ್ಯಾಗ ಟೆಂಟ್ ಹಾಕ್ತಾರಲ್ರಿ, ಅದು. ಹಾಡು ಛಲೋ ಆತಂದ್ರ ‘ಒನ್ಸ್ ಮೋರ್’ ಅಂತ ಕೂಗ್ತಾರ. ಸತ್ತು ಮಲಗಿದ ಪಾತ್ರ ಎದ್ದು ಕುಂತು, ಮತ್ತೊಮ್ಮೆ ಹಾಡಿ, ಮತ್ತೊಮ್ಮೆ ಸಾಯ್ತಿತ್ತು ಅಂತ ನಮ್ಮ ಅಜ್ಜ ಹೇಳ್ತಿದ್ದ. ಆಯೇರಿ ಮಾಡೋರು ನಡು ನಾಟಕದಾಗ ಸ್ಟೇಜ್ ಹತ್ತಿ ಪಾತ್ರಧಾರಿ ಅಂಗಿಗೆ ನೋಟು ಪಿನ್ ಮಾಡ್ತಾರ. ಮೈಕಿನಾಗ ಹೆಸರು ಕೂಗ್ತಾರ, ಇಂಥವರಿಂದ ಇಷ್ಟು ರೂಪಾಯಿ ಅಂತ. ಸಾಹುಕಾರನ ಪಾತ್ರದವ ಕಣ್ಣೀರು ಹಾಕ್ಕೋತ ನಿಂತಿರ್ತಾನ, ಎದಿ ಮ್ಯಾಲ ನೂರರ ನೋಟು ಜೋತಾಡ್ತಿರತೈತಿ.

ನಾಟಕದಾಗ ಅವನಿಗೆ ನೀವು ಕೂಗಿದ್ದು ಕೇಳಸ್ತೈತಿ, ತಿರುಗಿ ಉತ್ತರಾನೂ ಕೊಡ್ತಾನ. ಸಿನಿಮಾದವನಿಗೆ ಕೇಳಸೂದಿಲ್ಲ. ಕೇಳಸ್ಲಾರದವನ ಮುಂದ ಕೂಗೂದರಾಗ ಏನೈತಿ ಸೊಗಸು, ಅದನ್ನ ಯಾರರ ಹೇಳ್ರಿ ನನಗ.

ಇಸಾರ್ ದಂಡೆ
ಇದು ಸರಿಯಾದ ಪ್ರಶ್ನೆ ಸರ್. ರಾತ್ರಿಯಿಂದ ಅದೇ ಯೋಚಿಸ್ತಿದ್ದೆ. ನಾನು ಕೂಗಿದ್ದು ಪರದೆಗೆ ಅಲ್ಲ ಅನ್ನಿಸುತ್ತೆ. ಪರದೆ ಒಂದು ನೆಪ. ಬಲಗಡೆ ಕೂತ ಗಡ್ಡದ ಅಜ್ಜ, ಮುಂದಿನ ಸಾಲಿನಲ್ಲಿ ಬಲೆ ಸಾಕ್ಸು ಹಾಕ್ಕೊಂಡಿದ್ದ ಹುಡುಗ, ಇವರಿಗೆ ಕೇಳಲಿ ಅಂತ ಕೂಗಿದೆ. ಅವರಿಗೆ ಕೇಳಿಸ್ತು.

ಆಪರೇಟರ್ ದಾವಣಗೆರೆ
ನಾನು ಇಪ್ಪತ್ತೆಂಟು ವರ್ಷ ಪ್ರೊಜೆಕ್ಟರ್ ಓಡ್ಸಿದೋನು. ಥಿಯೇಟರ್ ಹೆಸರು ಬೇಡ, ಈಗ ಕಲ್ಯಾಣ ಮಂಟಪ ಆಗಿದೆ.

ನೀವೆಲ್ಲ ಕೂಗೋರ ಕಡೆಯಿಂದ ಹೇಳ್ತಿದ್ದೀರಿ, ನಾನು ಕಿಂಡಿಯಿಂದ ನೋಡಿದ್ದು ಹೇಳ್ತೀನಿ. ಕ್ಯಾಬಿನ್ನಿನೊಳಗೆ ಮೆಷಿನ್ ಸದ್ದಿಗೆ ಸಿನಿಮಾ ಮಾತು ಸರಿಯಾಗಿ ಕೇಳ್ತಿರಲಿಲ್ಲ. ಜನರ ಕೂಗು ಕೇಳ್ತಿತ್ತು. ಒಂದು ರೀಲು ಸುಮಾರು ಇಪ್ಪತ್ತು ನಿಮಿಷ, ಯಾವ ರೀಲಲ್ಲಿ ಎಷ್ಟನೇ ನಿಮಿಷಕ್ಕೆ ಶಿಳ್ಳೆ ಅಂತ ಬಾಯಿಪಾಠ ಆಗಿರೋದು. ಹಾಡಿಗೆ ಒನ್ಸ್ ಮೋರ್ ಬಿದ್ರೆ ಬಿಡ್ತಿರಲಿಲ್ಲ ಜನ. ಸೀಟು ಬಡಿಯೋರು. ಮ್ಯಾನೇಜರ್ ಓಡಿಬಂದು ‘ಹಾಕಪ್ಪ, ಚೇರ್ ಮುರೀತಾರೆ’ ಅನ್ನೋನು. ನಿಲ್ಸಿ, ಹಿಂದಕ್ಕೆ ಸುತ್ತಿ, ಮತ್ತೆ ಹಾಕಿದ್ದು ಎಷ್ಟೋ ಸಲ.

ಚಿಲ್ಲರೆ ಎಸೆಯೋದು ಒಂದು ಮಾತ್ರ ನನಗೆ ಆಗ್ತಿರಲಿಲ್ಲ. ಪರದೆ ಅಂದ್ರೆ ಬಟ್ಟೆ ಅಂತ ತಿಳ್ಕೊಂಡಿರ್ತಾರೆ. ಅದರ ತುಂಬ ಸೂಜಿ ಮೊನೆಯಷ್ಟು ತೂತು ಇರ್ತವೆ, ಸ್ಪೀಕರ್ ಹಿಂದಿರುತ್ತಲ್ಲ, ಸದ್ದು ಆಚೆ ಬರಬೇಕು. ನಾಣ್ಯ ತಗುಲಿದ್ರೆ ಅಲ್ಲಿ ಗೀರು, ಗೀರಿಂದ ಹರಿಯೋದು. ಒಂದು ಸಲ ಹೀರೋಯಿನ್ ಕ್ಲೋಸಪ್ಪಲ್ಲಿ ಸರಿಯಾಗಿ ಕೆನ್ನೆ ಮೇಲೆ ಅರ್ಧ ಅಡಿ ಗೀರು. ಹಿಂದಿಂದ ಟೇಪ್ ಹಚ್ಚಿ ಮುಂದೆ ಬಿಳಿ ಬಣ್ಣ ಬಳಿದ್ವಿ. ಆಮೇಲೆ ಎರಡು ವರ್ಷ ಆ ಥಿಯೇಟರಲ್ಲಿ ಬಂದ ಎಲ್ಲ ಹೀರೋಯಿನ್ನಿಗೂ ಅದೇ ಜಾಗದಲ್ಲಿ ಒಂದು ಕಲೆ. ಕರ್ಪೂರ ಹಚ್ಚಿ ಆರತಿ ಎತ್ತೋರನ್ನ ಕಂಡ್ರೆ ಎದೆ ಹೊಡ್ಕೊಳ್ತಿತ್ತು. ಕ್ಯಾಬಿನ್ನಿಂದ ಬಕೆಟ್ ಮರಳು ಹಿಡ್ಕೊಂಡು ಇಳಿದು ಬಂದು ನಿಂತ್ಕೊಳ್ತಿದ್ದೆ.

ಒಸಾಕಾ ಒಗ್ಗರಣೆ
ಆಪರೇಟರ್ ಅಂಕಲ್, ಇದನ್ನ ಓದಿದ್ರೆ ನಿಮಗೆ ಸಮಾಧಾನ ಆಗುತ್ತೆ. ಜಪಾನ್‌ನಲ್ಲಿ ‘ಮಸಾಲಾ ಶೋ’ ಅಂತ ಮಾಡ್ತಾರೆ, ಹೆಚ್ಚಾಗಿ ಇಂಡಿಯಾದ ಸಿನಿಮಾಗಳಿಗೆ. 1998ರಲ್ಲಿ ರಜನಿಯ ‘ಮುತ್ತು’ ಟೋಕಿಯೋದಲ್ಲಿ ಜೋರಾಗಿ ಓಡ್ತಲ್ಲ, ಆ ಹುಚ್ಚಿನ ವಂಶದ್ದೇ ಇದು. ಮಾಮೂಲಿ ಶೋನಲ್ಲಿ ಇಲ್ಲಿಯವ್ರು ಉಸಿರಾಡೋದೂ ಕೇಳಿಸಲ್ಲ, ಕೊನೇ ಹೆಸರು ಪರದೆಯಿಂದ ಹೋಗೋವರೆಗೂ ಏಳಲ್ಲ. ಮಸಾಲಾ ಶೋನಲ್ಲಿ ಅದೇ ಜನ ಸೀರೆ ಉಟ್ಕೊಂಡು, ತಂಬೂರಿನ್ ಹಿಡ್ಕೊಂಡು ಬರ್ತಾರೆ. ಹೀರೋ ಬಂದಾಗ ಬಣ್ಣದ ಕಾಗದ ಸಿಡಿಯೋ ಪಟಾಕಿ. ‘ಆರ್‌ಆರ್‌ಆರ್’ಗೆ ಹೋಗಿದ್ದೆ, ಪಕ್ಕದ ಐವತ್ತರ ಹೆಂಗಸು ‘ನಾಟು ನಾಟು’ ಸ್ಟೆಪ್ಪು ನನಗಿಂತ ಚೆನ್ನಾಗಿ ಹಾಕಿದ್ರು.

ಶೋ ಮುಗಿದ್ಮೇಲೆ ನೋಡ್ಬೇಕಿತ್ತು ನೀವು. ಎಲ್ಲರೂ ಬ್ಯಾಗಿಂದ ಕಸದ ಚೀಲ ತೆಗೆದು, ಮಂಡಿಯೂರಿ ಸೀಟಿನ ಕೆಳಗಿನ ಕಾಗದ ಚೂರು ಆರಿಸೋಕೆ ಶುರು ಮಾಡಿದ್ರು. ನಾನೂ ಆರಿಸಿದೆ. ಮನೇಲಿ ಯಾವತ್ತೂ ಅಷ್ಟು ಚೊಕ್ಕ ಮಾಡಿಲ್ಲ.

ಮೌನ ಪ್ರೇಕ್ಷಕರೇ, ನಿಮ್ಮ ಸಮಸ್ಯೆಗೆ ಇಲ್ಲಿ ಪರಿಹಾರ ಸುಲಭ. ಕೂಗೋ ಶೋ ಬೇರೆ, ಕೂಗದ ಶೋ ಬೇರೆ, ಟಿಕೆಟ್ ತಗೊಳ್ಳುವಾಗಲೇ ಗೊತ್ತಿರುತ್ತೆ. 2016ರಲ್ಲಿ ಗಾಡ್ಜಿಲಾ ಸಿನಿಮಾಗೂ ಈ ಥರ ಕೂಗೋ ಶೋ ಇಟ್ಟಿದ್ರು.

ಮೌನ ಪ್ರೇಕ್ಷಕ
ಬೇರೆ ಶೋ ಅಂತ ಬೋರ್ಡ್ ಹಾಕಿದ್ರೆ ನನ್ನ ತಕರಾರೇನೂ ಇಲ್ಲ. ನಮ್ಮೂರಲ್ಲಿ ಎಲ್ಲ ಶೋನೂ ಅದೇ ಶೋ.

ಲೇಡೀಸ್ ಕ್ಯೂ
ಒಬ್ಬರೂ ಹೇಳದೇ ಇರೋ ಮಾತು ಹೇಳ್ತೀನಿ. ಗುರು, ನೀವು ‘ಓಂ’ ಆರು ಸಲ ನೋಡಿದಾಗ ಮುಂದಿನ ಸಾಲಿನಲ್ಲಿ ಎಷ್ಟು ಹೆಂಗಸರಿದ್ರು? ನಮಗೂ ಶಿಳ್ಳೆ ಹೊಡೆಯೋ ಆಸೆ ಇರುತ್ತೆ. ನನಗೆ ಹೊಡೆಯೋಕೆ ಬರುತ್ತೆ ಕೂಡ, ನಾಲಿಗೆ ಮಡಚಿ ಎರಡು ಬೆರಳಿಟ್ಟು, ಅಣ್ಣನಿಗಿಂತ ಜೋರು. ಆದ್ರೆ ಫಸ್ಟ್ ಡೇ ಫಸ್ಟ್ ಶೋಗೆ ಯಾರು ಕಳಿಸ್ತಿದ್ರು? ಹೋದ್ರೂ ಕತ್ತಲಲ್ಲಿ ಯಾರ ಕೈ ಎಲ್ಲಿ ಬರುತ್ತೋ ಅನ್ನೋ ಭಯ. ಇಸಾರ್ ಅವರೇ, ನಿಮಗೆ ಅಲ್ಲಿ ಖುಷಿ ಆಗಿದ್ದಕ್ಕೆ ಅರ್ಧ ಕಾರಣ ಇದೇ ಇರಬಹುದು. ಮೊದಲನೇ ಸಲ ಯಾರೂ ನಿಮ್ಮನ್ನ ಬಾಲ್ಕನಿಗೆ ಕಳಿಸಲಿಲ್ಲ.

ಹಾಗಂತ ರಾಕಿ ಹಾರರ್ ಏನು ಸ್ವರ್ಗ ಅಲ್ಲ. ಜಾನೆಟ್ ಹೆಸರು ಬಂದಾಗಲೆಲ್ಲ ಕೂಗೋ ಪದ ನೀವು ಇಲ್ಲಿ ಬರೆಯಲಿಲ್ಲ, ಯಾಕೆ ಅಂತ ಗೊತ್ತು. ನಾನು ಅಮೆರಿಕದಲ್ಲಿ ಓದುವಾಗ ಹೋಗಿದ್ದೆ, ಆ ಪದ ಕೇಳಿ ನಗು ಅರ್ಧಕ್ಕೇ ನಿಂತ್ಹೋಯ್ತು.

ಇಸಾರ್ ದಂಡೆ
ಸಿಕ್ಕಿಬಿದ್ದೆ. ಹೌದು, ಬೇಕಂತಲೇ ಬಿಟ್ಟೆ. ನಾನು ಆ ಪದ ಕೂಗಲೂ ಇಲ್ಲ, ಪಕ್ಕದವ್ರು ಕೂಗಿದಾಗ ಏನು ಮಾಡಬೇಕು ಅಂತಾನೂ ತೋಚಲಿಲ್ಲ.

ಬಾಲ್ಕನಿ ಮಾತು ಮಾತ್ರ ಒಳಗೆ ನಾಟ್ತು. ನನ್ನ ಗೆಳತಿ ಇನ್ನೊಂದು ಹೇಳಿದ್ಲು. ಸಿನಿಮಾದ ಮುಖ್ಯ ಪಾತ್ರ ಹೆಂಗಸಿನ ಉಡುಪು ಹಾಕೋ ಗಂಡಸು. ಎಪ್ಪತ್ತರ ದಶಕದಲ್ಲಿ ಸಲಿಂಗಿಗಳಿಗೆ, ತಮ್ಮ ಗಂಡು ಹೆಣ್ಣುತನದ ಬಗ್ಗೆ ಗೊಂದಲ ಇದ್ದ ಹುಡುಗ ಹುಡುಗಿಯರಿಗೆ ಬೇಕಾದ ಬಟ್ಟೆ ಹಾಕ್ಕೊಂಡು ಹೋಗಬಹುದಾದ ಜಾಗ ಎಷ್ಟಿದ್ವು? ವಾರಕ್ಕೊಂದು ರಾತ್ರಿ ಈ ಹಾಲ್ ಇತ್ತು. ನಾನು ಹೇಳಿದ್ನಲ್ಲ, ಬಲೆ ಸಾಕ್ಸಿನ ಹುಡುಗ, ಅವನು ಶೋ ಮುಗಿದ್ಮೇಲೆ ಬಾತ್‌ರೂಮಲ್ಲಿ ಲಿಪ್‌ಸ್ಟಿಕ್ ಒರೆಸ್ಕೊಂಡು, ಜೀನ್ಸ್ ಹಾಕ್ಕೊಂಡು ಟ್ರಾಮಿಗೆ ಹೋದ. ಸ್ಟಾಪಲ್ಲಿ ಗುರುತೇ ಸಿಗಲಿಲ್ಲ ನನಗೆ.

ಚಮಚಾಗಿರಿ
ತಡವಾಗಿ ಬಂದೆ. ಯಾರೂ ‘ದಿ ರೂಮ್’ ಬಗ್ಗೆ ಹೇಳಲಿಲ್ವಲ್ಲ! 2003ರ ಸಿನಿಮಾ. ಟಾಮಿ ವೈಸೋ ಅನ್ನೋನು ತಾನೇ ಬರೆದು, ತಾನೇ ನಿರ್ದೇಶಿಸಿ, ತಾನೇ ಹೀರೋ ಆಗಿ ಅರುವತ್ತು ಲಕ್ಷ ಡಾಲರ್ ಸುರಿದ. ಲಾಸ್ ಏಂಜಲೀಸ್‌ನಲ್ಲಿ ಎರಡು ವಾರಕ್ಕೆ ಎತ್ತಂಗಡಿ, ಗಳಿಕೆ ಸಾವಿರದ ಎಂಟುನೂರು ಡಾಲರ್. ಸಾವಿರ, ಲಕ್ಷ ಅಲ್ಲ. ಅದರಲ್ಲಿ ಹೀರೋ ಮನೆಯ ಮೇಜಿನ ಮೇಲೆ ಫ್ರೇಮ್ ಹಾಕಿದ ಒಂದು ಫೋಟೋ ಇದೆ. ಯಾರದ್ದು? ಒಂದು ಚಮಚದ್ದು. ಯಾಕೆ? ಗೊತ್ತಿಲ್ಲ. ಅದು ಕಂಡಾಗಲೆಲ್ಲ ಜನ ‘ಸ್ಪೂನ್!’ ಅಂತ ಅರಚಿ ಪ್ಲಾಸ್ಟಿಕ್ ಚಮಚ ಎಸೀತಾರೆ.

ರೀಲು ಅಣ್ಣನ ಲೆಕ್ಕದಲ್ಲಿ ಇದು ಖಾಲಿ ಜಾಗ ಅಲ್ಲ, ಇಡೀ ಸಿನಿಮಾನೇ ಖಾಲಿ ಸೈಟು. ಆದ್ರೆ ಆ ಮನುಷ್ಯ ಮನಸ್ಸಿಟ್ಟು ಮಾಡಿದಾನೆ. ಬೇಕಂತ ಕೆಟ್ಟದಾಗಿ ಮಾಡಿದ ಸಿನಿಮಾಗೆ ಯಾರೂ ಚಮಚ ಹೊತ್ಕೊಂಡು ಹೋಗಲ್ಲ.

ಗಾಂಧಿಕ್ಲಾಸ್ ಗುರು
ಕನ್ನಡದಲ್ಲಿ ಈ ಯೋಗ್ಯತೆ ಇರೋ ಸಿನಿಮಾ ಯಾವುದು ಅಂತ ಕೇಳ್ಬೇಡಿ, ಥ್ರೆಡ್ ಲಾಕ್ ಆಗುತ್ತೆ.

ಮೌನ ಪ್ರೇಕ್ಷಕ
2025ರ ಏಪ್ರಿಲ್‌ನಲ್ಲಿ ವಿಡಿಯೋ ಗೇಮಿಂದ ಮಾಡಿದ ‘ಮೈನ್‌ಕ್ರಾಫ್ಟ್’ ಸಿನಿಮಾ ಬಂದಾಗ ಏನಾಯ್ತು ಅಂತ ನೆನಪಿದೆಯಾ? ‘ಚಿಕನ್ ಜಾಕಿ’ ಅನ್ನೋ ಒಂದು ಮಾತಿಗೆ ಹುಡುಗರು ಪಾಪ್‌ಕಾರ್ನು, ಕೋಕು ಎಲ್ಲ ಎರಚಿದ್ರು, ಕೆಲವು ಕಡೆ ಪೊಲೀಸ್ ಬಂದ್ರು. ಅಮೆರಿಕದಲ್ಲಿ ಒಬ್ಬ ಜೀವಂತ ಕೋಳಿ ತಂದಿದ್ದ. ಎಲ್ಲರ ಒಂದು ಕೈಯಲ್ಲಿ ಪಾಪ್‌ಕಾರ್ನು, ಇನ್ನೊಂದರಲ್ಲಿ ಮೊಬೈಲು. ರೀಲ್ಸ್ ನೋಡಿ ಬಂದು ರೀಲ್ಸ್ ಮಾಡ್ಕೊಂಡು ಹೋಗೋದು. ಇದೂ ನಿಮ್ಮ ‘ಖಾಲಿ ಜಾಗ’ವೇನಾ ರೀಲು ಸರ್?

ಹಳೇ ರೀಲು
ಬೇಜಾರಲ್ಲೇ ಒಪ್ಕೋತೀನಿ, ಶುರುವಾಗೋದು ಎಲ್ಲ ಹೀಗೇ. ಆದ್ರೆ ವೇವರ್ಲಿಯಲ್ಲಿ ಒಂದೊಂದು ಮಾತೂ ವಾರಗಟ್ಟಲೆ ಸೋಸಿಕೊಂಡು ಉಳಿದದ್ದು. ನಗು ಬರದ ಮಾತನ್ನ ಜನ ಮುಂದಿನ ವಾರ ಕೂಗ್ತಿರಲಿಲ್ಲ. ಈಗ ಸೋಸೋಕೆ ಟೈಮೇ ಇಲ್ಲ, ಶುಕ್ರವಾರ ಹುಟ್ಟಿದ್ದು ಭಾನುವಾರ ಸಾಯುತ್ತೆ. ಕೋಳಿಗೆ ಏನು ಅನ್ನಿಸ್ತೋ.

ಲೇಡೀಸ್ ಕ್ಯೂ
ಒಂದೇ ಒಂದು ಸಲ ನಾನೂ ಕೆಳಗಿನ ಸೀಟಲ್ಲಿ ಕೂತಿದ್ದೆ. 2025ರ ಮಾರ್ಚ್, ‘ಅಪ್ಪು’ ಮತ್ತೆ ಬಂದಾಗ. ಮಗನನ್ನ ಕರ್ಕೊಂಡು ಹೋಗಿದ್ದೆ. ಪುನೀತ್ ಮುಖ ಬಂದಾಗ ಕಿವಿ ಕಿತ್ತುಹೋಗೋ ಶಿಳ್ಳೆ. ನಾನೂ ಹೊಡೆದೆ, ಮಗ ಬಾಯಿ ಬಿಟ್ಕೊಂಡು ನನ್ನೇ ನೋಡ್ದ. ಆಮೇಲೆ ಒಂದು ಸಾಮಾನ್ಯ ಸೀನು, ಅವನು ಸುಮ್ಮನೆ ನಗ್ತಾನೆ ಅಷ್ಟೇ. ಯಾರೂ ಕೂಗಲಿಲ್ಲ. ಮುಂದಿನ ಸಾಲಿನವ್ರು ಮೂಗು ಒರೆಸ್ಕೊಳ್ಳೋ ಸದ್ದು. ಹಾಗೇ ಹತ್ತು ಸೆಕೆಂಡು, ಮತ್ತೆ ಶಿಳ್ಳೆ.

ಮೌನ ಪ್ರೇಕ್ಷಕ
ಆ ಹತ್ತು ಸೆಕೆಂಡಿಗೆ ನಾನೂ ಟಿಕೆಟ್ ತಗೋತಿದ್ದೆ.

ಇಸಾರ್ ದಂಡೆ
ಮುಂದಿನ ಶನಿವಾರ ಮತ್ತೆ ಹೋಗ್ತಿದ್ದೀನಿ. ಈ ಸಲ ಚೀಲ ನನ್ನದೇ. ಮನೇಲಿ ಸೋನಾ ಮಸೂರಿ ಬಿಟ್ರೆ ಬೇರೆ ಅಕ್ಕಿ ಇಲ್ಲ, ಇಲ್ಲಿ ಅದರ ರೇಟು ನೋಡಿದ್ರೆ ಎಸೆಯೋಕೆ ಕೈ ಬರಲ್ಲ. ಅರಿಶಿನ ಹಚ್ಚಿ ತಗೊಂಡು ಹೋಗ್ಲಾ ಅಂತಿದ್ದೀನಿ.

ಆಪರೇಟರ್ ದಾವಣಗೆರೆ
ತಂಗಿ, ಅಕ್ಕಿ ಬೇಡ. ಸೀಟಿನ ಸಂದಿಗೆ ಹೋದ್ರೆ ಗುಡಿಸೋಕೆ ಬರಲ್ಲ, ರಾತ್ರಿ ಇಲಿ ಬರ್ತವೆ. ಇಲಿ ಬಂದ್ರೆ ಮೊದಲು ಕಡಿಯೋದು ಸ್ಪೀಕರ್ ವೈರು.

ಇಸಾರ್ ದಂಡೆ
ಮಂಡಕ್ಕಿ ಆಗುತ್ತಾ ಅಂಕಲ್? ಹಗುರ ಇರುತ್ತೆ.

ಆಪರೇಟರ್ ದಾವಣಗೆರೆ
ದಾವಣಗೆರೆಯವನಿಗೆ ಮಂಡಕ್ಕಿ ಎಸೀಲಾ ಅಂತ ಕೇಳ್ತೀಯಲ್ಲವ್ವ. ಅದನ್ನ ಇಲಿಗಿಂತ ಮುಂಚೆ ನಾನೇ ಬಂದು ತಿಂದೇನು.